ಸಂದರ್ಶನದ ಕರೆ ಬಾರದಿದ್ದಾಗ ಬರೆಯುವ ಪತ್ರ: ಅಮೆರಿಕದ ರೆಸಿಡೆನ್ಸಿ ಆಯ್ಕೆಯಲ್ಲಿ ಅದರ ತೂಕವೆಷ್ಟು?

ಅಮೆರಿಕದ ರೆಸಿಡೆನ್ಸಿ (ವೈದ್ಯರ ಸ್ನಾತಕೋತ್ತರ ತರಬೇತಿ) ಪ್ರೋಗ್ರಾಂಗಳು ಆ ವರ್ಷದ ಅರ್ಜಿಗಳನ್ನು ತೆರೆದು ನೋಡುವುದು ಸೆಪ್ಟೆಂಬರ್ ತಿಂಗಳ ಕೊನೆಯ ಭಾಗದಲ್ಲಿ. ಅಕ್ಟೋಬರ್‌ನಲ್ಲಿ ಸಂದರ್ಶನದ ಕರೆಗಳು ಹೊರಡುತ್ತವೆ. ನವೆಂಬರ್ ಅರ್ಧ ಕಳೆಯುವಷ್ಟರಲ್ಲಿ ಅವುಗಳ ಮೊದಲ ಭರಾಟೆ ಇಳಿದಿರುತ್ತದೆ. ನೂರಿಪ್ಪತ್ತು ಕಡೆ ಅರ್ಜಿ ಹಾಕಿ ಎರಡು ಕಡೆಯಿಂದ ಮಾತ್ರ ಕರೆ ಪಡೆದಿರುವ, ಇಲ್ಲವೇ ಒಂದನ್ನೂ ಪಡೆಯದಿರುವ ವೈದ್ಯರು ಆ ಹೊತ್ತಿಗೆ ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಕರೆಯೂ ಬಾರದ, ತಿರಸ್ಕಾರವೂ ಬಾರದ ಪ್ರೋಗ್ರಾಂಗಳಿಗೆ ನಾನೇ ಒಂದು ಮೇಲ್ ಬರೆಯಬಹುದೇ? ಬರೆದರೆ ಪ್ರಯೋಜನವಿದೆಯೇ, ಅಥವಾ ಇರುವ ಅಷ್ಟಿಷ್ಟು ಅವಕಾಶವೂ ಕೆಡುತ್ತದೆಯೇ?

ಬರೆದು ಕರೆ ಪಡೆದವರು ‘ಖಂಡಿತ ಬರೆಯಿರಿ’ ಎನ್ನುತ್ತಾರೆ. ಐವತ್ತು ಮೇಲ್ ಕಳಿಸಿ ಒಂದಕ್ಕೂ ಉತ್ತರ ಕಾಣದವರು ‘ಸಮಯ ವ್ಯರ್ಥ’ ಎನ್ನುತ್ತಾರೆ. ಇಬ್ಬರೂ ತಮ್ಮ ಅನುಭವವನ್ನೇ ಹೇಳುತ್ತಿದ್ದಾರೆ, ಆದರೆ ಆ ಅನುಭವಗಳ ಹಿಂದಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಈ ಎರಡು ಮಾತುಗಳಲ್ಲೂ ಕಾಣುವುದಿಲ್ಲ. ಪ್ರೋಗ್ರಾಂ ಒಮ್ಮೆ ಓದಿ ಬದಿಗಿಟ್ಟ ಅರ್ಜಿಯ ಮೇಲಿನ ತೀರ್ಮಾನವನ್ನು ಪತ್ರ ಬದಲಿಸುವುದು ಬಹಳ ಅಪರೂಪ. ಓದದೆಯೇ ಉಳಿದ ಅರ್ಜಿಯನ್ನು ರಾಶಿಯಿಂದ ಮೇಲೆ ತೆಗೆಯುವಂತೆ ಮಾಡುವ ಶಕ್ತಿ ಮಾತ್ರ ಅದಕ್ಕಿದೆ, ಅದೂ ಅರ್ಜಿಯಲ್ಲಿ ಇಲ್ಲದ ಒಂದು ಸಂಗತಿ ಅದರಲ್ಲಿದ್ದರೆ. ಇದನ್ನು ಒಪ್ಪಿಕೊಂಡರೆ ಯಾರಿಗೆ, ಯಾವಾಗ, ಏನು ಬರೆಯಬೇಕು ಎಂಬ ಪ್ರಶ್ನೆಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ನಮ್ಮಲ್ಲಿ ಸ್ನಾತಕೋತ್ತರ ಸೀಟು ಸಿಗುವುದು ನೀಟ್ ಪಿಜಿಯ ರ‍್ಯಾಂಕಿನ ಮೇಲೆ. ಕೌನ್ಸೆಲಿಂಗ್‌ನಲ್ಲಿ ಆಯ್ಕೆಗಳನ್ನು ನಮೂದಿಸಿದ ಮೇಲೆ ಯಾವ ಕಾಲೇಜಿನ ಯಾವ ಪ್ರಾಧ್ಯಾಪಕರಿಗೆ ಪತ್ರ ಬರೆದರೂ ರ‍್ಯಾಂಕ್ ಬದಲಾಗುವುದಿಲ್ಲ. ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ನಾವು ಇಟ್ಟಿರುವ ಹೆಸರು ವಶೀಲಿ. ಈ ಸಂಸ್ಕಾರದಿಂದ ಬಂದವರಲ್ಲಿ ಕೆಲವರು ಅಮೆರಿಕದ ಪ್ರೋಗ್ರಾಂ ಡೈರೆಕ್ಟರಿಗೆ ಬರೆಯುವುದನ್ನೇ ಅನೈತಿಕವೆಂದು ಭಾವಿಸಿ ಸುಮ್ಮನಿರುತ್ತಾರೆ. ಇನ್ನು ಕೆಲವರು ಅಲ್ಲಿಯೂ ವಶೀಲಿಯೇ ನಡೆಯುತ್ತದೆ ಎಂದುಕೊಂಡು ಸಿಕ್ಕಸಿಕ್ಕವರಿಗೆಲ್ಲ ಬರೆಯುತ್ತಾರೆ. ಎರಡೂ ತಪ್ಪು ಓದು. ಅಲ್ಲಿ ಅಂಕ ಒಂದೇ ಕೊನೆಯ ಮಾತಲ್ಲ. ಶಿಫಾರಸು ಪತ್ರ, ಸ್ವಂತ ಹೇಳಿಕೆ, ಅಮೆರಿಕದ ಆಸ್ಪತ್ರೆಗಳಲ್ಲಿ ಕಳೆದ ತಿಂಗಳುಗಳು, ಆ ಊರಿನ ಜೊತೆಗಿರುವ ನಂಟು ಇವೆಲ್ಲವೂ ತೂಕಕ್ಕೆ ಬರುತ್ತವೆ. ತೂಗುವವರು ಮನುಷ್ಯರಾದ್ದರಿಂದ ಅವರೊಡನೆ ಮಾತನಾಡುವುದಕ್ಕೆ ಅಷ್ಟಿಷ್ಟು ಜಾಗವೂ ಉಳಿದಿದೆ.

ಆ ಜಾಗ ಹೇಗೆ ಉಳಿಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಒಳ್ಳೆಯ ವಿದ್ಯಾರ್ಥಿಗಳಿಗಾಗಿ ಪೈಪೋಟಿಗೆ ಬಿದ್ದು, ಇಂಟರ್ನ್‌ಶಿಪ್ ಆರಂಭವಾಗುವುದಕ್ಕೆ ಎರಡು ವರ್ಷ ಮೊದಲೇ ಹುದ್ದೆಗಳನ್ನು ಹಂಚುತ್ತಿದ್ದವು. ಆಮೇಲೆ ದಿನಾಂಕಗಳಿಗೆ ಕಡಿವಾಣ ಹಾಕಿದಾಗ, ಕೆಲವೇ ಗಂಟೆಗಳಲ್ಲಿ ಹೌದು ಅಥವಾ ಇಲ್ಲ ಎನ್ನಬೇಕೆಂಬ ಒತ್ತಡ ವಿದ್ಯಾರ್ಥಿಗಳ ಮೇಲೆ ಬಿತ್ತು. ಈ ಗೊಂದಲವನ್ನು ನಿಲ್ಲಿಸಲೆಂದು 1952ರಲ್ಲಿ ಈಗ ಎನ್‌ಆರ್‌ಎಂಪಿ (ನ್ಯಾಷನಲ್ ರೆಸಿಡೆಂಟ್ ಮ್ಯಾಚಿಂಗ್ ಪ್ರೋಗ್ರಾಂ) ಎಂಬ ಸಂಸ್ಥೆ ನಡೆಸುವ ‘ಮ್ಯಾಚ್’ ಹುಟ್ಟಿತು. ಅಭ್ಯರ್ಥಿಗಳು ತಮಗೆ ಬೇಕಾದ ಪ್ರೋಗ್ರಾಂಗಳ ಕ್ರಮವನ್ನು ಕೊಡುತ್ತಾರೆ, ಪ್ರೋಗ್ರಾಂಗಳು ತಮಗೆ ಬೇಕಾದ ಅಭ್ಯರ್ಥಿಗಳ ಕ್ರಮವನ್ನು ಕೊಡುತ್ತವೆ, ಗಣಕಯಂತ್ರ ಎರಡನ್ನೂ ಹೊಂದಿಸುತ್ತದೆ. 1998ರಿಂದ ಬಳಕೆಯಲ್ಲಿರುವ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶಾಪ್ಲೆ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಹೊರಬೀಳುವ ಫಲಿತಾಂಶ ಅಷ್ಟು ಅಚ್ಚುಕಟ್ಟಾದ ಯಂತ್ರದ ಉತ್ಪನ್ನ.

ಆದರೆ ಈ ಯಂತ್ರ ಕೆಲಸ ಮಾಡುವುದು ಸಂದರ್ಶನಗಳು ಮುಗಿದ ಮೇಲೆ. ಸಂದರ್ಶನ ಮಾಡದ ಅಭ್ಯರ್ಥಿಯನ್ನು ಪ್ರೋಗ್ರಾಂ ತನ್ನ ಪಟ್ಟಿಗೆ ಸೇರಿಸುವುದಿಲ್ಲ, ಆದ್ದರಿಂದ ಯಾರನ್ನು ಸಂದರ್ಶನಕ್ಕೆ ಕರೆಯಬೇಕೆಂಬ ತೀರ್ಮಾನವೇ ಅರ್ಧಕ್ಕಿಂತ ಹೆಚ್ಚಿನ ಆಯ್ಕೆ. ಆ ತೀರ್ಮಾನಕ್ಕೆ ಯಾವ ಕೇಂದ್ರೀಯ ಲೆಕ್ಕಾಚಾರವೂ ಇಲ್ಲ, ಎಲ್ಲರಿಗೂ ಒಂದೇ ದಿನವೂ ಇಲ್ಲ. ಪ್ರಸೂತಿ ವಿಭಾಗದಂಥ ಕೆಲವು ವಿಭಾಗಗಳು ಕರೆ ಕಳಿಸುವ ದಿನವನ್ನು ತಾವಾಗಿ ಒಪ್ಪಿಕೊಂಡಿವೆ, ಅಷ್ಟೆ. 1952ರಲ್ಲಿ ಹುದ್ದೆಗಳ ಹಂಚಿಕೆಯಿಂದ ಹೊರದಬ್ಬಿದ ಗೊಂದಲ ಈಗ ಅಕ್ಟೋಬರ್ ತಿಂಗಳ ಸಂದರ್ಶನದ ಕರೆಗಳಲ್ಲಿ ಬಂದು ಕೂತಿದೆ ಎಂದು ನನಗೆ ಅನ್ನಿಸುತ್ತದೆ. ಕರೆ ಬಾರದವರು ಬರೆಯುವ ಪತ್ರ ಈ ನಿಯಮವಿಲ್ಲದ ಜಾಗದಲ್ಲಿ ಬೆಳೆದ ಗಿಡ.

ಈ ಜಾಗ ಎಷ್ಟು ದೊಡ್ಡದು ಎಂಬುದು ಮ್ಯಾಚ್‌ನ ಅಂಕಿಅಂಶಗಳಲ್ಲಿ ನೇರವಾಗಿ ಕಾಣುವುದಿಲ್ಲ. 2025ರ ಮ್ಯಾಚ್‌ನಲ್ಲಿ ಒಟ್ಟು 43,237 ಹುದ್ದೆಗಳಿದ್ದವು. ಅಮೆರಿಕದ ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್‌ಗೆ ಸಮನಾದ ಮೊದಲ ವೈದ್ಯ ಪದವಿ) ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇ. 93.5 ಮಂದಿಗೆ ಮೊದಲ ವರ್ಷದ ಹುದ್ದೆ ಸಿಕ್ಕಿತು. ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಶೇ. 58. ಈ ಎರಡನೆಯ ಅಂಕಿಯನ್ನು ನೋಡಿ ‘ಹತ್ತರಲ್ಲಿ ಆರು ಮಂದಿಗೆ ಸಿಗುತ್ತದೆ’ ಎಂದು ಮನೆಯವರಿಗೆ ಹೇಳುವವರಿದ್ದಾರೆ. ಆದರೆ ಈ ಶೇಕಡಾವಾರು ಲೆಕ್ಕಕ್ಕೆ ಸೇರುವುದು ತಮ್ಮ ಆದ್ಯತೆಯ ಪಟ್ಟಿಯನ್ನು ಸಲ್ಲಿಸಿದವರು ಮಾತ್ರ. ಆ ವರ್ಷ ನೋಂದಾಯಿಸಿದವರು 52,498, ಪಟ್ಟಿ ಸಲ್ಲಿಸಿದವರು 47,208. ನಡುವೆ ಉಳಿದ ಐದು ಸಾವಿರಕ್ಕೂ ಹೆಚ್ಚು ಮಂದಿ ಬೇರೆ ಬೇರೆ ಕಾರಣಗಳಿಂದ ಹೊರಗುಳಿದವರು. ಒಂದೂ ಸಂದರ್ಶನ ಸಿಗದೆ ಪಟ್ಟಿ ಮಾಡಲು ಏನೂ ಇಲ್ಲದವರು ಇರುವುದೂ ಅವರ ನಡುವೆಯೇ. ನವೆಂಬರ್‌ನಲ್ಲಿ ಮೇಲ್ ಬರೆಯಲು ಕೂರುವವರು ಮಾರ್ಚ್‌ನ ಶೇಕಡಾವಾರು ಲೆಕ್ಕಕ್ಕೇ ಬಾರದೆ ಹೋಗಬಹುದಾದವರು.

ಅರ್ಜಿಗಳ ರಾಶಿಗೆ ಖರ್ಚಿನ ಮುಖವೂ ಇದೆ. ಇರಾಸ್ ಎಂಬ ಅರ್ಜಿ ವ್ಯವಸ್ಥೆಯಲ್ಲಿ 2025ರ ಸಾಲಿನಿಂದ ಒಂದು ವಿಭಾಗದ ಮೊದಲ 30 ಪ್ರೋಗ್ರಾಂಗಳಿಗೆ ತಲಾ 11 ಡಾಲರ್, ಅದಕ್ಕಿಂತ ಮೇಲಿನ ಪ್ರತಿಯೊಂದಕ್ಕೂ 30 ಡಾಲರ್. ನೂರೈವತ್ತು ಕಡೆ ಅರ್ಜಿ ಹಾಕಿದರೆ 3,930 ಡಾಲರ್ ಆಗುತ್ತದೆ. ಪರೀಕ್ಷೆಗಳ ಶುಲ್ಕ, ಅಮೆರಿಕದ ಪ್ರಯಾಣ, ಅಲ್ಲಿನ ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳ ವೆಚ್ಚ ಇದರ ಹೊರಗಿನವು. ಇಷ್ಟು ಕೊಟ್ಟವರಿಗೆ ಮೇಲ್ ಒಂದೇ ಪುಕ್ಕಟೆಯಾಗಿ ಉಳಿದಿರುವ ದಾರಿ. ಪುಕ್ಕಟೆಯಾದುದರಿಂದಲೇ ಅದರ ಬೆಲೆಯೂ ಕುಸಿದಿದೆ, ಏಕೆಂದರೆ ಎಲ್ಲರೂ ಕಳಿಸಬಹುದಾದ ಮಾತನ್ನು ಓದುವವರು ನಂಬುವುದಿಲ್ಲ.

ಇಲ್ಲಿ ಮೌನವನ್ನು ಬಿಡಿಸಿ ನೋಡುವುದು ಅಗತ್ಯ. ಕೆಲವು ಮೌನಗಳು ಜರಡಿಯಿಂದ ಬಂದವು. ಸಾವಿರಾರು ಅರ್ಜಿಗಳು ಬರುವ ಇಂಟರ್ನಲ್ ಮೆಡಿಸಿನ್ (ನಮ್ಮ ಜನರಲ್ ಮೆಡಿಸಿನ್) ಪ್ರೋಗ್ರಾಂನಲ್ಲಿ ಪ್ರತಿಯೊಂದನ್ನೂ ಕೂತು ಓದುವಷ್ಟು ಜನರಿಲ್ಲ. ಪದವಿ ಮುಗಿದು ಎಷ್ಟು ವರ್ಷವಾಯಿತು, ಯುಎಸ್‌ಎಂಎಲ್‌ಇಯಲ್ಲಿ (ಅಮೆರಿಕದಲ್ಲಿ ವೈದ್ಯವೃತ್ತಿಯ ಪರವಾನಗಿಗೆ ಬರೆಯುವ ಮೂರು ಹಂತದ ಪರೀಕ್ಷೆ) ಒಮ್ಮೆಯಾದರೂ ಅನುತ್ತೀರ್ಣರಾಗಿದ್ದಾರೆಯೇ, ಯಾವ ವೀಸಾ ಬೇಕು, ಎರಡನೆಯ ಹಂತದಲ್ಲಿ ಎಷ್ಟು ಅಂಕ ಎಂಬ ಮಿತಿಗಳನ್ನು ಹಾಕಿ ಗಣಕದಲ್ಲೇ ಸೋಸಲಾಗುತ್ತದೆ. 2022ರ ಜನವರಿಯ ಕೊನೆಯಿಂದ ಮೊದಲ ಹಂತದ ಪರೀಕ್ಷೆಗೆ ಅಂಕ ಕೊಡುವುದನ್ನು ನಿಲ್ಲಿಸಿ ಉತ್ತೀರ್ಣ, ಅನುತ್ತೀರ್ಣ ಎಂದಷ್ಟೇ ಹೇಳತೊಡಗಿದ ಮೇಲೆ ಎರಡನೆಯ ಹಂತದ ಅಂಕಕ್ಕೆ ಭಾರ ಹೆಚ್ಚಿತು. ಪದವಿ ಪಡೆದು ಐದು ವರ್ಷ ಮೀರಬಾರದು ಎಂಬ ಜರಡಿಯಲ್ಲಿ ಕೆಳಗೆ ಬಿದ್ದವರು ಎಷ್ಟು ಚೆಂದದ ಪತ್ರ ಬರೆದರೂ ಆ ವರ್ಷ ಬದಲಾಗುವುದಿಲ್ಲ. ಅಂಥ ಕಡೆಗೆ ಬರೆಯುವುದು ದಂಡ. ಈ ಮಿತಿಗಳನ್ನು ಅನೇಕ ಪ್ರೋಗ್ರಾಂಗಳು ತಮ್ಮ ಜಾಲತಾಣದಲ್ಲೇ ಹೇಳಿರುತ್ತವೆ. ಅರ್ಜಿ ಹಾಕುವ ಮೊದಲೇ ಓದಬೇಕಾದುದನ್ನು ನವೆಂಬರ್‌ನಲ್ಲಿ ಓದುವವರು ಕಡಿಮೆಯೇನಿಲ್ಲ.

ಆದರೆ ಜರಡಿ ತಪ್ಪಾಗಿಯೂ ಕೆಳಗೆ ಬೀಳಿಸಬಹುದು. ಅರ್ಜಿ ತೆರೆದ ದಿನ ಎರಡನೆಯ ಹಂತದ ಅಂಕ ಬಂದಿರಲಿಲ್ಲ, ಅಕ್ಟೋಬರ್ ಎರಡನೆಯ ವಾರದಲ್ಲಿ ಬಂತು. ವಿದೇಶಿ ವೈದ್ಯ ಪದವೀಧರರ ಅರ್ಹತೆಯನ್ನು ದೃಢೀಕರಿಸುವ ಇಸಿಎಫ್‌ಎಂಜಿ ಸಂಸ್ಥೆಯ ಪ್ರಮಾಣಪತ್ರ ಆಗಿನ್ನೂ ಸಿಕ್ಕಿರಲಿಲ್ಲ, ಈಗ ಸಿಕ್ಕಿದೆ. ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ) ಬಂದಿದ್ದರಿಂದ ವೀಸಾದ ಅಗತ್ಯವೇ ಈಗ ಇಲ್ಲ. ಒಮ್ಮೆ ಸಲ್ಲಿಸಿದ ಅರ್ಜಿಯ ಮುಖ್ಯ ಭಾಗವನ್ನು ತಿದ್ದಲು ಇರಾಸ್ ಬಿಡುವುದಿಲ್ಲ. ಹೊಸ ಅಂಕಪಟ್ಟಿಯನ್ನು ಕಳಿಸಬಹುದು, ಆದರೆ ಅದು ಬಂದಿದೆ ಎಂದು ಗಮನಿಸಿ ಹಳೆಯ ಅರ್ಜಿಯನ್ನು ಮತ್ತೆ ತೆಗೆದು ನೋಡುವವರು ಯಾರು? ಇಂಥ ಸಂದರ್ಭದಲ್ಲಿ ಎರಡು ಸಾಲಿನ ಮೇಲ್ ನಿಜವಾಗಿಯೂ ಕೆಲಸ ಮಾಡುತ್ತದೆ. ಅದರಲ್ಲಿ ಭಾವುಕತೆ ಬೇಕಿಲ್ಲ, ಹೊಸ ಸಂಗತಿಯೊಂದಿದ್ದರೆ ಸಾಕು.

ಜರಡಿ ದಾಟಿಯೂ ಸರದಿಯಲ್ಲಿ ನಿಂತ ಅರ್ಜಿಗಳ ಮೌನ ಬೇರೆ. ಅವು ಯೋಗ್ಯವೆಂದು ಗುರುತಾಗಿವೆ, ಆದರೆ ಮೊದಲ ಸುತ್ತಿನ ಕರೆಗಳು ಇನ್ನೂ ಮೇಲಿನವರಿಗೆ ಹೋಗಿವೆ. ಸಂದರ್ಶನಗಳು 2020ರಿಂದ ಬಹುಪಾಲು ಆನ್‌ಲೈನ್ ಆದ ಮೇಲೆ ಈ ಸರದಿಯ ಸ್ವಭಾವವೇ ಬದಲಾಯಿತು. ಮೊದಲು ವಿಮಾನ, ಹೋಟೆಲು, ರಜೆ ಇವುಗಳ ಖರ್ಚು ನೋಡಿಕೊಂಡು ಅಭ್ಯರ್ಥಿಗಳು ಕರೆಗಳನ್ನು ಆರಿಸಿಕೊಳ್ಳುತ್ತಿದ್ದರು. ಈಗ ಪ್ರಬಲ ಅಭ್ಯರ್ಥಿಯೊಬ್ಬರು ಮನೆಯಲ್ಲೇ ಕೂತು ಬಂದ ಕರೆಗಳನ್ನೆಲ್ಲ ಒಪ್ಪಿಕೊಳ್ಳಬಲ್ಲರು. ಡಿಸೆಂಬರ್ ಹೊತ್ತಿಗೆ ಸುಸ್ತಾಗಿ, ತಮಗೆ ಸಾಕಷ್ಟಾಯಿತು ಎನಿಸಿದಾಗ ಕೆಲವನ್ನು ಬಿಟ್ಟುಕೊಡುತ್ತಾರೆ. ಹಾಗೆ ತೆರವಾದ ಜಾಗವನ್ನು ಎರಡು ಮೂರು ದಿನಗಳಲ್ಲಿ ತುಂಬಬೇಕಾದ ಕೋಆರ್ಡಿನೇಟರ್ ಸರದಿಯಲ್ಲಿರುವ ಹೆಸರುಗಳನ್ನು ನೋಡುತ್ತಾರೆ. ಆ ವಾರ ಬಂದ ಒಂದು ಸ್ಪಷ್ಟವಾದ ಮೇಲ್, ಅದೇ ಅಂಕಗಳ ಇಪ್ಪತ್ತು ಮಂದಿಯ ನಡುವೆ ಒಂದು ಹೆಸರನ್ನು ನೆನಪಿಗೆ ತರಬಲ್ಲದು. ಪತ್ರದಿಂದ ಕರೆ ಬಂತು ಎಂದು ಹೇಳುವವರ ಕಥೆಗಳಲ್ಲಿ ಬಹುತೇಕ ಈ ಬಗೆಯವು ಎಂದು ನನ್ನ ಊಹೆ.

ಈಗ ಚಿತ್ರವನ್ನು ಜಟಿಲಗೊಳಿಸಿರುವುದು ಸಿಗ್ನಲ್ ಪದ್ಧತಿ. ಅರ್ಥಶಾಸ್ತ್ರದ ಪಿಎಚ್‌.ಡಿ. ಮುಗಿಸಿ ಅಧ್ಯಾಪಕ ಹುದ್ದೆ ಹುಡುಕುವವರಿಗೆ ಅಮೆರಿಕದ ಆರ್ಥಿಕ ಸಂಘ 2006–07ರ ಸಾಲಿನಿಂದ ತಲಾ ಎರಡು ಸಿಗ್ನಲ್‌ಗಳನ್ನು ಕೊಟ್ಟಿತು: ನಿಮಗೆ ನಿಜವಾಗಿಯೂ ಆಸಕ್ತಿಯಿರುವ ಎರಡು ಕಡೆಗೆ ಮಾತ್ರ ಅದನ್ನು ತಿಳಿಸಬಹುದು. ಎರಡೇ ಇರುವುದರಿಂದ ಅದಕ್ಕೆ ಬೆಲೆ. ಅದೇ ತರ್ಕ 2020–21ರಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ಮೂಲಕ ವೈದ್ಯಕೀಯ ಕ್ಷೇತ್ರಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಹೆಚ್ಚಿನ ವಿಭಾಗಗಳಿಗೆ ಹಬ್ಬಿತು. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ 30 ಸಿಗ್ನಲ್‌ಗಳಿವೆ. ಭಾರತದಿಂದ ಹೋಗುವವರು ಅತಿ ಹೆಚ್ಚು ಅರ್ಜಿ ಹಾಕುವ ಇಂಟರ್ನಲ್ ಮೆಡಿಸಿನ್‌ನಲ್ಲಿ 2024ರ ಸಾಲಿನಿಂದ ಮೂರು ಚಿನ್ನದ ಮತ್ತು ಹನ್ನೆರಡು ಬೆಳ್ಳಿಯ ಸಿಗ್ನಲ್‌ಗಳು. ಇದಲ್ಲದೆ, ದೇಶದ ಒಂಬತ್ತು ಭೌಗೋಳಿಕ ವಿಭಾಗಗಳಲ್ಲಿ ಮೂರರವರೆಗೆ ತಮ್ಮ ಆದ್ಯತೆಯೆಂದು ಅರ್ಜಿಯಲ್ಲೇ ಗುರುತಿಸಬಹುದು.

ಇದರಿಂದ ನವೆಂಬರ್‌ನ ಪತ್ರಕ್ಕೆ ಬಂದಿರುವ ತೊಡಕನ್ನು ಬಹಳ ಮಂದಿ ಗಮನಿಸುವುದಿಲ್ಲ. ನೂರಿಪ್ಪತ್ತು ಕಡೆ ಅರ್ಜಿ ಹಾಕಿದವರು ಹದಿನೈದು ಕಡೆಗೆ ಸಿಗ್ನಲ್ ಕೊಟ್ಟಿರುತ್ತಾರೆ, ನೂರೈದು ಕಡೆಗೆ ಕೊಟ್ಟಿರುವುದಿಲ್ಲ. ಯಾರು ತನಗೆ ಸಿಗ್ನಲ್ ಕೊಟ್ಟಿದ್ದಾರೆ ಎಂಬುದು ಪ್ರೋಗ್ರಾಂಗೆ ಕಾಣುತ್ತದೆ, ಹಾಗೆಯೇ ಕೊಡದವರು ಯಾರು ಎಂಬುದೂ ತಿಳಿಯುತ್ತದೆ. ಹೀಗಿರುವಾಗ, ಸೆಪ್ಟೆಂಬರ್‌ನಲ್ಲಿ ಬೆಳ್ಳಿಯ ಸಿಗ್ನಲನ್ನೂ ಕೊಡದವರು ನವೆಂಬರ್‌ನಲ್ಲಿ ‘ನಿಮ್ಮ ಪ್ರೋಗ್ರಾಂ ನನ್ನ ಮೊದಲ ಆಯ್ಕೆ’ ಎಂದು ಬರೆದರೆ ಓದುವವರು ಮುಗುಳ್ನಗುತ್ತಾರೆ. ಸಿಗ್ನಲ್ ಎಣಿಸಿ ಕೊಟ್ಟ ಮಾತು, ಪತ್ರ ಎಣಿಕೆಯಿಲ್ಲದ ಮಾತು. ಎರಡೂ ಒಂದಕ್ಕೊಂದು ವಿರುದ್ಧವಾದಾಗ ನಂಬಿಕೆ ಎಣಿಸಿ ಕೊಟ್ಟದ್ದರ ಕಡೆಗೇ ಹೋಗುತ್ತದೆ. ಸಿಗ್ನಲ್ ಕೊಡದ ಪ್ರೋಗ್ರಾಂಗೆ ಬರೆಯಲೇಬಾರದು ಎಂದೇನೂ ಇಲ್ಲ. ಆದರೆ ಏಕೆ ಕೊಡಲಿಲ್ಲ, ಈಗ ಏಕೆ ಬರೆಯುತ್ತಿದ್ದೇನೆ ಎಂಬುದಕ್ಕೆ ಒಂದು ಸಹಜವಾದ ಕಾರಣ ಪತ್ರದೊಳಗೇ ಇರಬೇಕು: ಅಕ್ಟೋಬರ್‌ನಲ್ಲಿ ಪತಿಗೆ ಆ ಊರಿನಲ್ಲಿ ಕೆಲಸ ಸಿಕ್ಕಿತು, ಆ ಆಸ್ಪತ್ರೆಯಲ್ಲಿ ಒಂದು ತಿಂಗಳು ಕಳೆಯುವ ಅವಕಾಶ ಬಂತು, ಹೀಗೆ. ಇದಕ್ಕೆ ತಿರುಗುಮುರುಗಾಗಿ, ಚಿನ್ನದ ಸಿಗ್ನಲ್ ಕೊಟ್ಟೂ ಕರೆ ಬಾರದ ಮೂರು ಪ್ರೋಗ್ರಾಂಗಳಿಗೆ ಬರೆಯುವ ಪತ್ರಕ್ಕೆ ಬೆನ್ನೆಲುಬು ಇದೆ, ಏಕೆಂದರೆ ಅಲ್ಲಿ ಮಾತೂ ನಡೆಯೂ ಒಂದೇ. ಬರೆಯುವುದಾದರೆ ಮೊದಲು ಅಲ್ಲಿಗೆ ಬರೆಯಬೇಕು.

ಇನ್ನು ಪತ್ರದ ಒಳಗೆ ಏನಿರಬೇಕು. ನಮ್ಮ ಶಾಲೆಗಳಲ್ಲಿ ಕಲಿಸುವ ರಜಾ ಅರ್ಜಿಯ ನೆರಳು ಇಂಥ ಎಷ್ಟೋ ಮೇಲ್‌ಗಳ ಮೇಲೆ ಬಿದ್ದಿರುತ್ತದೆ. ‘ತಮ್ಮಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ’ ಎಂಬ ವಾಕ್ಯದ ಇಂಗ್ಲಿಷ್ ರೂಪದಿಂದ ಆರಂಭವಾಗಿ, ‘ತಮ್ಮ ಪ್ರತಿಷ್ಠಿತ ಸಂಸ್ಥೆಯ ವೈವಿಧ್ಯಮಯ ರೋಗಿಗಳು, ಉತ್ಕೃಷ್ಟ ಸಂಶೋಧನೆ, ಆತ್ಮೀಯ ವಾತಾವರಣ’ ಎಂದು ಮುಂದುವರಿದು, ‘ಒಂದು ಅವಕಾಶ ಕೊಟ್ಟರೆ ನನ್ನನ್ನು ನಾನು ಸಾಬೀತುಪಡಿಸುವೆ’ ಎಂದು ಮುಗಿಯುವ ಮೇಲ್‌ನಲ್ಲಿ ಆಸ್ಪತ್ರೆಯ ಹೆಸರನ್ನು ತೆಗೆದು ಇನ್ನೊಂದರ ಹೆಸರನ್ನು ಇಟ್ಟರೂ ಒಂದಕ್ಷರ ಕದಲುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಇಂಥ ನೂರು ಪತ್ರಗಳನ್ನು ಹತ್ತು ನಿಮಿಷದಲ್ಲಿ ಬರೆದುಕೊಡುತ್ತವೆ, ಭಾಷೆಯೂ ನಯವಾಗಿಯೇ ಇರುತ್ತದೆ. ಎಲ್ಲರ ಪತ್ರವೂ ನಯವಾದ ಮೇಲೆ ನಯಕ್ಕೆ ಬೆಲೆ ಉಳಿಯುವುದಿಲ್ಲ. ಪ್ರೋಗ್ರಾಂ ಡೈರೆಕ್ಟರುಗಳ ಇಮೇಲ್ ವಿಳಾಸಗಳ ಪಟ್ಟಿಯನ್ನು ಹಣಕ್ಕೆ ಮಾರುವವರೂ ಇದ್ದಾರೆ. ಆ ಪಟ್ಟಿಯನ್ನು ಕೊಂಡು ಒಂದೇ ಮೇಲನ್ನು ಇನ್ನೂರು ಕಡೆಗೆ ಕಳಿಸುವುದು ಪುರಸೊತ್ತಿನ ಸಮಾಧಾನವೇ ಹೊರತು ಅದರಿಂದ ಬೇರೇನೂ ಸಿಗದು.

ಇದಕ್ಕೆ ಎದುರಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಓದಿ, ಒಂದು ವರ್ಷ ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದ ಅಭ್ಯರ್ಥಿಯೊಬ್ಬರು ಕ್ಲೀವ್‌ಲ್ಯಾಂಡ್ ಹತ್ತಿರದ ಒಂದು ಸಮುದಾಯ ಆಸ್ಪತ್ರೆಯ ಪ್ರೋಗ್ರಾಂಗೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಮೇಲ್‌ನ ವಿಷಯದ ಸಾಲಿನಲ್ಲೇ ಅವರ ಹೆಸರು, ಅರ್ಜಿ ಸಂಖ್ಯೆ, ವಿಭಾಗ. ಮೊದಲ ವಾಕ್ಯದಲ್ಲಿ ತಾನು ಅರ್ಜಿ ಹಾಕಿರುವುದು ಮತ್ತು ಇನ್ನೂ ಕರೆ ಬಾರದಿರುವುದು, ದೂರಿನ ಛಾಯೆಯಿಲ್ಲದೆ. ಎರಡನೆಯದರಲ್ಲಿ ಅರ್ಜಿಯ ನಂತರ ಆದದ್ದು: ನವೆಂಬರ್‌ನಲ್ಲಿ ಮೂರನೆಯ ಹಂತದ ಪರೀಕ್ಷೆ ಪಾಸಾಗಿದೆ. ಮೂರನೆಯದರಲ್ಲಿ ಆ ಊರಿನ ನಂಟು: ಅಕ್ಕನ ಮನೆ ಆಸ್ಪತ್ರೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿದೆ, ಕಳೆದ ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲೇ ಉಳಿದಿದ್ದೆ. ನಾಲ್ಕನೆಯದರಲ್ಲಿ ಅವರ ಕೆಲಸಕ್ಕೂ ಆ ಪ್ರೋಗ್ರಾಂಗೂ ಇರುವ ಒಂದು ಕೊಂಡಿ: ಆರೋಗ್ಯ ಕೇಂದ್ರದಲ್ಲಿ ಕ್ಷಯರೋಗಿಗಳ ಮನೆಗೆ ಹೋಗಿ ಮಾತ್ರೆ ನುಂಗುವುದನ್ನು ನೋಡಿಕೊಂಡ ಅನುಭವ ಮತ್ತು ಆ ಪ್ರೋಗ್ರಾಂ ನಡೆಸುವ ನಿರಾಶ್ರಿತರ ಕ್ಲಿನಿಕ್. ಐದನೆಯದು, ಸರದಿಯಲ್ಲಿ ಜಾಗ ತೆರವಾದರೆ ಪರಿಗಣಿಸಿ ಎಂಬ ಮಾತು. ಅಲ್ಲಿಗೆ ಮುಗಿಯಿತು. ಇರಾಸ್ ಅರ್ಜಿಯಲ್ಲಿ ಅನುಭವಗಳಿಗೆ ಹತ್ತೇ ಸ್ಥಾನಗಳಿರುವುದರಿಂದ ಇಂಥ ಕೊಂಡಿಗಳು ಅಲ್ಲಿ ಬಿಟ್ಟುಹೋಗಿರುವುದು ಸಹಜ, ಅವುಗಳಿಗೆ ಮೇಲ್ ಸರಿಯಾದ ಜಾಗ. ಇಂಥದ್ದನ್ನು ಬರೆಯಲು ಒಂದೊಂದು ಪ್ರೋಗ್ರಾಂ ಬಗ್ಗೆ ಒಂದು ಗಂಟೆಯಾದರೂ ಓದಬೇಕಾಗುತ್ತದೆ, ಆದ್ದರಿಂದ ಹತ್ತು ಹದಿನೈದಕ್ಕಿಂತ ಹೆಚ್ಚು ಬರೆಯಲು ಆಗುವುದೂ ಇಲ್ಲ.

ಮೂರನೆಯ ಹಂತದ ಪರೀಕ್ಷೆಯನ್ನು ಸುಮ್ಮನೆ ಉದಾಹರಣೆಗೆ ತೆಗೆದುಕೊಂಡದ್ದಲ್ಲ. ವಿದೇಶಿ ಪದವೀಧರರು ಅದನ್ನು ಬರೆಯಬೇಕಾದರೆ ಇಸಿಎಫ್‌ಎಂಜಿ ಪ್ರಮಾಣಪತ್ರ ಇರಬೇಕು, ಪರೀಕ್ಷಾ ಕೇಂದ್ರಗಳೂ ಅಮೆರಿಕದೊಳಗೆ ಮಾತ್ರ ಇವೆ. ರೆಸಿಡೆನ್ಸಿಗೆ ಎಚ್-1ಬಿ ಎಂಬ ಉದ್ಯೋಗ ವೀಸಾ ಪಡೆಯಲು ಅದು ಅವಶ್ಯಕ. ಹೆಚ್ಚಿನವರು ಹೋಗುವುದು ಇಸಿಎಫ್‌ಎಂಜಿ ಪ್ರಾಯೋಜಿಸುವ ಜೆ-1 ಎಂಬ ವಿನಿಮಯ ವೀಸಾದ ಮೇಲೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಬಂಧನೆ ಅದಕ್ಕಿರುವುದರಿಂದ ಎಚ್-1ಬಿಯನ್ನೇ ಬಯಸುವವರೂ ಸಾಕಷ್ಟಿದ್ದಾರೆ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೇರುವ ಘೋಷಣೆಗೆ ಸಹಿ ಹಾಕಿದರು. ಪ್ರೋಗ್ರಾಂಗಳು ಆ ಸಾಲಿನ ಅರ್ಜಿಗಳನ್ನು ತೆರೆಯುವುದಕ್ಕೆ ಕೆಲವೇ ದಿನಗಳು ಉಳಿದಿದ್ದ ಹೊತ್ತು ಅದು. ಅಭ್ಯರ್ಥಿಗಳು ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದ ಮೇಲೆ ಆಸ್ಪತ್ರೆಗಳ ವೀಸಾ ಲೆಕ್ಕಾಚಾರ ಬದಲಾಗುವ ಸ್ಥಿತಿ ಬಂತು. ಇಂಥ ವರ್ಷದಲ್ಲಿ ‘ಅರ್ಜಿಯಲ್ಲಿ ಎಚ್-1ಬಿ ಎಂದು ಬರೆದಿದ್ದೆ, ಜೆ-1 ಆದರೂ ನನಗೆ ಒಪ್ಪಿಗೆ’ ಎಂಬ ಒಂದೇ ವಾಕ್ಯದ ಮೇಲ್‌ಗೆ ಎರಡು ಪುಟದ ಪ್ರಶಂಸೆಗಿಂತ ಹೆಚ್ಚಿನ ತೂಕವಿದೆ. ನಾನು ಕಂಡಂತೆ ಈ ವಾಕ್ಯವನ್ನು ಬರೆಯಲು ನಮ್ಮವರು ಹಿಂಜರಿಯುತ್ತಾರೆ, ಎಲ್ಲಿ ತಮ್ಮ ಬೆಲೆ ಕಡಿಮೆಯಾದೀತೋ ಎಂದು. ಜರಡಿಯ ಕಣ್ಣಿಗೆ ಅಂಥ ಸೂಕ್ಷ್ಮ ಕಾಣುವುದಿಲ್ಲ.

ಯಾರಿಗೆ ಬರೆಯಬೇಕು ಎಂಬುದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಪ್ರೋಗ್ರಾಂ ಕೋಆರ್ಡಿನೇಟರ್ ಅವರ ವಿಳಾಸಕ್ಕೆ ಬರೆದು, ಡೈರೆಕ್ಟರ್ ಅವರನ್ನೂ ಸೇರಿಸುವುದು ವಾಡಿಕೆ. ಸಂದರ್ಶನದ ದಿನಾಂಕಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದಿರುವವರು ಕೋಆರ್ಡಿನೇಟರ್. ಅವರನ್ನು ಗುಮಾಸ್ತರೆಂದು ಭಾವಿಸಿ ದಾಟಿಹೋಗುವವರು ಆ ಕಚೇರಿ ಹೇಗೆ ನಡೆಯುತ್ತದೆಂದು ತಿಳಿಯದವರು. ‘ಅರ್ಜಿಯ ಸ್ಥಿತಿಯ ಬಗ್ಗೆ ವಿಚಾರಿಸಬೇಡಿ’ ಎಂದು ಜಾಲತಾಣದಲ್ಲಿ ಬರೆದಿರುವ ಪ್ರೋಗ್ರಾಂಗೆ ಬರೆಯಬಾರದು. ಸ್ಪಷ್ಟವಾಗಿ ತಿರಸ್ಕರಿಸಿದ ಪ್ರೋಗ್ರಾಂಗೆ ಮರುಪರಿಶೀಲನೆ ಕೇಳಿ ಬರೆಯುವುದೂ, ತಿರಸ್ಕಾರದ ಕಾರಣ ಕೇಳುವುದೂ ಫಲ ಕೊಡುವುದಿಲ್ಲ. ಅಷ್ಟು ಮಂದಿಗೆ ಬಿಡಿಬಿಡಿಯಾಗಿ ಕಾರಣ ಬರೆದುಕೊಡುವ ವ್ಯವಧಾನ ಯಾವ ಕಚೇರಿಗೂ ಇಲ್ಲ. ಫೋನ್ ಮಾಡುವುದು, ಹೇಳದೆ ಕೇಳದೆ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಲ್ಲುವುದು, ಉತ್ತರ ಬರಲಿಲ್ಲವೆಂದು ವಾರಕ್ಕೊಂದು ನೆನಪೋಲೆ ಕಳಿಸುವುದು ಇವು ಹೆಸರು ನೆನಪಿರುವಂತೆ ಮಾಡುತ್ತವೆ ನಿಜ, ಬೇಡದ ಕಾರಣಕ್ಕೆ.

ಸಮಯದ ವಿಷಯ. ಅಕ್ಟೋಬರ್ ಮೊದಲ ವಾರದಲ್ಲೇ ಬರೆದರೆ ಪ್ರೋಗ್ರಾಂ ಇನ್ನೂ ಅರ್ಜಿಗಳನ್ನು ಓದುತ್ತಿರುತ್ತದೆ, ಆದ್ದರಿಂದ ಆತುರವಷ್ಟೇ ಕಾಣುತ್ತದೆ. ಮೊದಲ ಭರಾಟೆ ಇಳಿದ ಮೇಲೆ, ನವೆಂಬರ್ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚಿನ ಎರಡು ವಾರ ಒಳ್ಳೆಯ ಕಾಲ. ಅದು ತಪ್ಪಿದರೆ ರದ್ದತಿಗಳು ಶುರುವಾಗುವ ಡಿಸೆಂಬರ್. ಜನವರಿಯಲ್ಲಿ ಸಂದರ್ಶನಗಳು ಮುಗಿಯುತ್ತಾ ಬಂದಿರುತ್ತವೆ. ಫೆಬ್ರವರಿಯಲ್ಲಿ ಬರೆಯುವುದರಲ್ಲಿ ಅರ್ಥವಿಲ್ಲ.

ಪತ್ರಕ್ಕಿಂತ ಬಲವಾದದ್ದು ಬೇರೊಂದಿದೆ, ಮತ್ತು ಅಸಮಾನತೆ ನಿಜವಾಗಿ ಕಾಣುವುದು ಅಲ್ಲಿ. ಆ ಪ್ರೋಗ್ರಾಂನವರಿಗೆ ಗೊತ್ತಿರುವ ವೈದ್ಯರೊಬ್ಬರು ‘ಈ ಅರ್ಜಿಯನ್ನೊಮ್ಮೆ ನೋಡಿ, ಇವರ ಜೊತೆ ನಾನು ಕೆಲಸ ಮಾಡಿದ್ದೇನೆ’ ಎಂದು ಬರೆಯುವ ಒಂದು ಸಾಲು ಅಭ್ಯರ್ಥಿಯ ಹತ್ತು ಪತ್ರಗಳಿಗೆ ಸಮ. ಅಮೆರಿಕದ ಕಾಲೇಜಿನ ವಿದ್ಯಾರ್ಥಿಗೆ ಕರೆಗಳು ಕಡಿಮೆಯಾದರೆ ಆ ಕಾಲೇಜಿನ ಡೀನ್ ಅಥವಾ ವಿಭಾಗದ ಹಿರಿಯರು ಫೋನ್ ಎತ್ತಿಕೊಳ್ಳುತ್ತಾರೆ, ಅದು ಅವರ ಕೆಲಸದ ಭಾಗ. ಮೈಸೂರಿನ ಅಥವಾ ಮಣಿಪಾಲದ ಕಾಲೇಜಿನಲ್ಲಿ ಕಲಿಸಿದ ಪ್ರಾಧ್ಯಾಪಕರಿಗೆ ಓಹಾಯೋದ ಪ್ರೋಗ್ರಾಂ ಡೈರೆಕ್ಟರ್ ಯಾರೆಂದೇ ಗೊತ್ತಿರುವುದಿಲ್ಲ. ಆ ಜಾಗವನ್ನು ಅಷ್ಟಿಷ್ಟು ತುಂಬುವವರು ಮೊದಲೇ ಅಲ್ಲಿಗೆ ಹೋಗಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು; 1924ರಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು, 1953ರ ಮಣಿಪಾಲದ ಕಾಲೇಜು, 1955ರ ಬೆಂಗಳೂರು ಮೆಡಿಕಲ್ ಕಾಲೇಜು ಇವುಗಳಿಂದ ಹೋದ ಹಲವು ತಲೆಮಾರಿನ ವೈದ್ಯರು ಅಲ್ಲಿದ್ದಾರೆ. ಹೊಸ ಖಾಸಗಿ ಕಾಲೇಜಿನಲ್ಲಿ ಓದಿದವರಿಗೆ ಈ ದಾರಿ ಇನ್ನೂ ಕಿರಿದು. ಇದು ವಶೀಲಿಯೇ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಜೊತೆಯಲ್ಲಿ ಕೆಲಸ ಮಾಡಿ ನೋಡಿದವರು ಹೇಳಿದರೆ ಅದು ಸಾಕ್ಷ್ಯ, ಊರಿನವರೆಂದು ಮಾತ್ರ ಹೇಳಿದರೆ ವಶೀಲಿ. ಎರಡನೆಯದು ಹೇಳುವವರ ಹೆಸರನ್ನೇ ಕೆಡಿಸುತ್ತದೆ, ಆದ್ದರಿಂದ ಸಂಕೋಚವಿಲ್ಲದೆ ಕೇಳಬೇಕಾದುದು ಮೊದಲನೆಯವರನ್ನು ಮಾತ್ರ.

ಕೊನೆಗೆ ನಿಯಮಗಳ ವಿಷಯ. ಸಂದರ್ಶನದ ಕರೆಗೆ ಮುಂಚೆ ಅಭ್ಯರ್ಥಿ ತನ್ನ ಆಸಕ್ತಿಯನ್ನು ತಾನಾಗಿ ತಿಳಿಸುವುದಕ್ಕೆ ಎನ್‌ಆರ್‌ಎಂಪಿಯ ಅಡ್ಡಿಯಿಲ್ಲ. ನಿಮ್ಮ ಪಟ್ಟಿಯಲ್ಲಿ ಯಾವ ಪ್ರೋಗ್ರಾಂಗೆ ಯಾವ ಸ್ಥಾನ ಕೊಟ್ಟಿದ್ದೀರಿ ಎಂದು ಪ್ರೋಗ್ರಾಂ ಅಭ್ಯರ್ಥಿಯನ್ನು ಕೇಳುವಂತಿಲ್ಲ. ಸಂದರ್ಶನವೇ ಆಗದೆ ‘ನಿಮ್ಮನ್ನು ಪಟ್ಟಿಯಲ್ಲಿ ಮೊದಲಿಡುತ್ತೇನೆ’ ಎಂದು ಬರೆಯುವುದು ಹಾಸ್ಯಾಸ್ಪದ. ಆ ಮಾತಿಗೆ ಫೆಬ್ರವರಿಯಲ್ಲಿ ಬೇರೊಂದು ಪತ್ರವಿದೆ, ಅದನ್ನು ಒಂದೇ ಪ್ರೋಗ್ರಾಂಗೆ, ನಿಜವಾಗಿದ್ದರೆ ಮಾತ್ರ ಬರೆಯುತ್ತಾರೆ.

ಆದರೆ ಇದೇ ಮೇಲ್ ಮಾರ್ಚ್‌ನಲ್ಲಿ ಅಪರಾಧವಾಗುತ್ತದೆ. ಮ್ಯಾಚ್ ವಾರದ ಸೋಮವಾರ ತಮಗೆ ಹುದ್ದೆ ಸಿಕ್ಕಿಲ್ಲವೆಂದು ತಿಳಿದವರಿಗೆ, ಭರ್ತಿಯಾಗದೆ ಉಳಿದ ಹುದ್ದೆಗಳಿಗಾಗಿ ‘ಸೋಪ್’ ಎಂಬ ಪೂರಕ ಸುತ್ತು 2012ರಿಂದ ನಡೆಯುತ್ತಿದೆ. ಅದಕ್ಕಿಂತ ಮೊದಲು ಆ ವಾರದಲ್ಲಿ ಸಾವಿರಾರು ಮಂದಿ ಏಕಕಾಲಕ್ಕೆ ಆಸ್ಪತ್ರೆಗಳಿಗೆ ಫೋನು, ಫ್ಯಾಕ್ಸು, ಮೇಲ್ ಎಂದು ಮುಗಿಬೀಳುತ್ತಿದ್ದರು. ಈಗ ಗರಿಷ್ಠ 45 ಪ್ರೋಗ್ರಾಂಗಳಿಗೆ ನಿಗದಿತ ವ್ಯವಸ್ಥೆಯ ಮೂಲಕವೇ ಅರ್ಜಿ ಹಾಕಬೇಕು, ಪ್ರೋಗ್ರಾಂ ತಾನಾಗಿ ಸಂಪರ್ಕಿಸುವವರೆಗೆ ಅಭ್ಯರ್ಥಿ ಮೊದಲು ಸಂಪರ್ಕಿಸುವಂತಿಲ್ಲ, ಅಭ್ಯರ್ಥಿಯ ಪರವಾಗಿ ಬೇರೆಯವರು ಸಂಪರ್ಕಿಸುವಂತೆಯೂ ಇಲ್ಲ. ಉಲ್ಲಂಘನೆ ಕಂಡುಬಂದರೆ ಎನ್‌ಆರ್‌ಎಂಪಿ ತನಿಖೆ ನಡೆಸಿ, ಮುಂದಿನ ಮ್ಯಾಚ್‌ಗಳಿಂದಲೇ ಹೊರಗಿಡಬಹುದು. ನವೆಂಬರ್‌ನಲ್ಲಿ ಕೋಆರ್ಡಿನೇಟರ್‌ಗೆ ಬರೆದು ವಿನಯದ ಉತ್ತರ ಪಡೆದವರು ಆ ಸಲುಗೆಯಲ್ಲಿ ಮಾರ್ಚ್ ತಿಂಗಳ ಆ ಸೋಮವಾರ ಮತ್ತೊಮ್ಮೆ ಬರೆಯಲು ಹೋಗುವುದುಂಟು. ಚಿಕಾಗೋದಲ್ಲಿರುವ ಚಿಕ್ಕಪ್ಪನೋ ಮಾವನೋ ಅಂದು ‘ನಾನೊಂದು ಮಾತು ಹೇಳಿ ನೋಡುತ್ತೇನೆ’ ಎಂದರೆ, ಬೇಡ ಎಂದು ಹೇಳಬೇಕಾದವರೂ ಅಭ್ಯರ್ಥಿಯೇ.